ತೀರಿಹೋದವರ ವಿಳಾಸ

ನನ್ನ ಕೆಲಸ ಏನು ಎಂಬುದು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಾವಿರುವ ಕಟ್ಟಡದ ಸೊಸೈಟಿಯವರಿಗೆ ಹನ್ನೆರಡು ವರ್ಷ ಹೇಳಿದರೂ ಅರ್ಥವಾಗಲಿಲ್ಲ. "ಚಂದಾ ಎತ್ತೋ ಕೆಲಸಾನಾ?" ಎಂದು ಕೇಳುತ್ತಿದ್ದರು. ಚಂದಾ ಎತ್ತುವವರು ಬೇರೆ, ಅವರು ಯಾರ ಬಾಗಿಲು ತಟ್ಟಬೇಕು, ಯಾವ ತಿಂಗಳಲ್ಲಿ ತಟ್ಟಬೇಕು, ಒಳಗೆ ಹೋಗಿ ಕೂತ ಮೇಲೆ ಯಾವ ಮಾತು ಎತ್ತಬಾರದು ಎಂದು ಹೇಳಿ ಕಳಿಸುವವಳು ನಾನು ಎನ್ನುತ್ತಿದ್ದೆ. ಮೂರನೇ ಮಾಳಿಗೆಯ ಧಾರವಾಡದ ಅಜ್ಜಿ ಮಾತ್ರ ಒಂದು ದಿನ ಲಿಫ್ಟಿನಲ್ಲಿ ನಕ್ಕು, "ಅಂದ್ರ ಮಂದಿ ಮನಿ ಸುದ್ದಿ ಎಲ್ಲಾ ನಿನಗ ಬೇಕು ಅನ್ನು" ಎಂದಳು. ನನ್ನ ಕೆಲಸಕ್ಕೆ ಅದಕ್ಕಿಂತ ಸರಿಯಾದ ವಿವರಣೆ ಇವತ್ತಿನವರೆಗೂ ಸಿಕ್ಕಿಲ್ಲ.

ನಮ್ಮದು ಕಿವಿ ಕೇಳದ ಮಕ್ಕಳಿಗಾಗಿ ಕಲ್ಯಾಣದಲ್ಲಿ ಶಾಲೆ ನಡೆಸುವ ಸಂಸ್ಥೆ. ಆಫೀಸು ಆಗ ಠಾಣೆಯಲ್ಲಿತ್ತು, ಒಂದು ಮಿಠಾಯಿ ಅಂಗಡಿಯ ಮೇಲಿನ ಎರಡು ಕೋಣೆ. ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಸೇರಿದಾಗ ದಾನಿಗಳ ಸಂಶೋಧನೆ ಎಂದರೆ ಒಂದು ಕತ್ತರಿ, ಒಂದು ಗೋಂದಿನ ಬಾಟಲಿ ಮತ್ತು ಉಲ್ಹಾಸನಗರದ ಅಂಗಡಿಗಳಿಂದ ತಂದ ಖಾಲಿ ಚಪ್ಪಲಿ ಡಬ್ಬಿಗಳು. ಮರಾಠಿ, ಗುಜರಾತಿ, ಇಂಗ್ಲಿಷ್, ಕನ್ನಡ ಎಲ್ಲ ಪೇಪರುಗಳನ್ನೂ ನೋಡುತ್ತಿದ್ದೆ. ಹೊಸ ಹೋಟೆಲಿನ ಉದ್ಘಾಟನೆ, ಮಗನ ಮದುವೆ, ಶ್ರದ್ಧಾಂಜಲಿಯ ಜಾಹೀರಾತು ಕಂಡರೆ ಕತ್ತರಿಸಿ ಕಾರ್ಡಿಗೆ ಅಂಟಿಸುವುದು. ಯಾವ ದೇವಸ್ಥಾನಕ್ಕೆ ಹೋದರೂ ನಾನು ಮೊದಲು ಕೈಮುಗಿಯುತ್ತಿದ್ದುದು ದೇವರಿಗಲ್ಲ, ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿದ ಕಲ್ಲಿಗೆ. ಯಕ್ಷಗಾನ ನೋಡಲು ಹೋದರೆ ಗಂಡ ಆಟ ನೋಡುತ್ತಿದ್ದ, ನಾನು ಕರಪತ್ರದ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾದ ಪ್ರಾಯೋಜಕರ ಪಟ್ಟಿ ಓದುತ್ತಿದ್ದೆ.

ಈ ವಿದ್ಯೆ ನನಗೆ ಬಂದದ್ದು ಅಪ್ಪನಿಂದ. ಉಡುಪಿಯ ಕಡೆಯಿಂದ ಹುಡುಗನಾಗಿ ಬಂದ ಅಪ್ಪ, ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಹೋಟೆಲಿನ ಗಲ್ಲೆಯ ಮೇಲೆ, ದುಡ್ಡು ತೆಗೆದುಕೊಳ್ಳುವ ಜಾಗದಲ್ಲಿ, ಮೂವತ್ತು ವರ್ಷ ಕೂತವರು. "ಗಿರಾಕಿ ಮೆಟ್ಟಿಲು ಹತ್ತುವಾಗ್ಲೇ ಗೊತ್ತಾಗ್ಬೇಕು, ಇವನು ಚಾ ಕುಡಿಯುವವನಾ, ಊಟಕ್ಕೆ ಬಂದವನಾ, ಸುಮ್ಮನೆ ಫ್ಯಾನಿನ ಗಾಳಿಗೆ ಕೂತ್ಕೊಳ್ಳುವವನಾ ಅಂತ" ಎನ್ನುತ್ತಿದ್ದರು. "ಮತ್ತೆ ಗೊತ್ತಾಯ್ತು ಅಂತ ಮುಖದಲ್ಲಿ ತೋರಿಸ್ಬಾರ್ದು." ಎರಡನೆಯ ಪಾಠ ನನಗೆ ಎಂದೂ ಹತ್ತಲಿಲ್ಲ. ನನ್ನ ಸಿಟ್ಟು, ನನ್ನ ಖುಷಿ ಎರಡೂ ಮೂಗಿನ ತುದಿಯಲ್ಲೇ.

ನಮ್ಮ ಕರಾವಳಿಯ ಹೋಟೆಲಿನವರದ್ದೊಂದು ಪದ್ಧತಿ ಉಂಟು. ಅವರು ಕೊಡುವುದನ್ನು ಹೆಚ್ಚಾಗಿ ತಮ್ಮ ಹೆಸರಿನಲ್ಲಿ ಕೊಡುವುದಿಲ್ಲ. ತೀರಿಹೋದ ತಾಯಿಯ ಹೆಸರು, ತಂದೆಯ ಹೆಸರು, ಸಣ್ಣದರಲ್ಲೇ ಹೋದ ತಮ್ಮನ ಹೆಸರು. ಪ್ರತಿ ವರ್ಷ ಅವರ ತಿಥಿಯ ದಿನ ನಮ್ಮ ಶಾಲೆಯ ಮಕ್ಕಳಿಗೆ ಒಂದು ಪಾಯಸದ ಊಟ, ಜೊತೆಗೆ ಕೈಲಾದಷ್ಟು. ರಸೀದಿ ತೀರಿಹೋದವರ ಹೆಸರಿಗೆ. ನಾವು ಒಂದು ತಿಂಗಳು ಮೊದಲು ನೆನಪಿಸಿ ಬರೆಯುವ ಕಾಗದವೂ ಅವರ ಹೆಸರಿಗೇ ಹೋಗಬೇಕು. ಒಮ್ಮೆ ನಾನು ಅತಿಬುದ್ಧಿ ಉಪಯೋಗಿಸಿ, ಉಲ್ಹಾಸನಗರದ ಒಬ್ಬ ಹೋಟೆಲ್ ಮಾಲಕರಿಗೆ ಅವರದೇ ಹೆಸರಿನಲ್ಲಿ ಬರೆದಿದ್ದೆ. ಅವರು ಫೋನ್ ಮಾಡಿ, "ನನ್ನ ಹೆಸರಿಗೆ ಬಂದ ಕಾಗದ ಲೈಟ್ ಬಿಲ್ಲಿನೊಟ್ಟಿಗೆ ಹೋಗ್ತದೆ ಮಾರಾಯ್ರೆ. ಅಮ್ಮನ ಹೆಸರಿಗೆ ಬಂದ್ರೆ ನಾನೇ ಎದ್ದು ಹೋಗಿ ತೆಗೊಳ್ತೇನೆ" ಎಂದಿದ್ದರು.

ಅಂದಿನಿಂದ ಅಂಥ ಕಾರ್ಡುಗಳಿಗೆ ಗುರುತಿಗೆಂದು ಒಂದೊಂದು ಬಿಂದಿ ಅಂಟಿಸತೊಡಗಿದೆ, ನಾನು ಹಣೆಗಿಡುವ ಪ್ಯಾಕೆಟ್ಟಿನದೇ. ಬಿಂದಿ ಇದ್ದರೆ ವ್ಯಕ್ತಿ ಇಲ್ಲ, ಆದರೆ ಕಾಗದ ಹೋಗಲೇಬೇಕು ಎಂದು ಅರ್ಥ. ಈ ಅರ್ಥ ಆಫೀಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತು ಹನ್ನೆರಡು ವರ್ಷ ಹೀಗೆ ಸುಖವಾಗಿ ಕಳೆಯಿತು. ಆಮೇಲೆ ಆಫೀಸು ನವಿ ಮುಂಬಯಿಯ ಐರೋಲಿಗೆ ಹೋಯಿತು. ಗಾಜಿನ ಕಟ್ಟಡ, ತಣ್ಣಗಿನ ಗಾಳಿ, ಕಿಟಕಿ ತೆರೆಯಲು ಬರುವುದಿಲ್ಲ. ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿದು, ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಆಚೆಯ ಪ್ಲಾಟ್‌ಫಾರ್ಮಿಗೆ ಓಡಿ ಇನ್ನೊಂದು ಗಾಡಿ. ಆ ಆಫೀಸಿನಲ್ಲಿ ಚಪ್ಪಲಿ ಡಬ್ಬಿಗಳಿಗೆ ಜಾಗವಿರಲಿಲ್ಲ. ಅದರ ಬದಲು ಒಂದು ಸಾಫ್ಟ್‌ವೇರ್ ಬಂತು, ಅದರ ಬೆನ್ನಿಗೆ ಅದನ್ನು ನಡೆಸಲು ಒಬ್ಬಳು ಹುಡುಗಿ ಬಂದಳು.

ಹುಡುಗಿ ಕಲ್ಯಾಣದವಳು. ಅಪ್ಪ ಅಮ್ಮ ಮಂಗಳೂರು ಕಡೆಯವರು. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಮೊದಲ ದಿನವೇ ನನ್ನನ್ನು ಆಂಟಿ ಎಂದಳು, ನನಗೆ ಅಲ್ಲಿಗೇ ಪಿತ್ತ ಏರಿತು. ಅವಳ ಯಂತ್ರ ಪ್ರತಿಯೊಂದು ಹೆಸರಿಗೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಹೆಚ್ಚು ಅಂಕದವರಿಗೆ ತಾನೇ ಕಾಗದ ಬರೆಯುತ್ತಿತ್ತು, ಯಾವಾಗ ಮತ್ತೆ ಬರೆಯಬೇಕೆಂದೂ ತಾನೇ ತೀರ್ಮಾನಿಸುತ್ತಿತ್ತು. ಕುತೂಹಲಕ್ಕೆ ನನ್ನ ಹೆಸರು ಹಾಕಿ ನೋಡಿದೆ. ನೂರಕ್ಕೆ ನಾಲ್ಕು ಬಂತು. ಹತ್ತನೇ ಕ್ಲಾಸಿನ ಗಣಿತದಲ್ಲೂ ನನಗೆ ಅಷ್ಟು ಕಡಿಮೆ ಬಂದಿರಲಿಲ್ಲ.

ನಮ್ಮ ಮುಖ್ಯಸ್ಥೆ, ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದ ಠಾಣೆಯ ಮರಾಠಿ ಹೆಂಗಸು, ನಮ್ಮ ವಿಭಾಗದ ಮೂವರನ್ನೂ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು: ಮೂವರು ಮಾಡುತ್ತಿದ್ದುದನ್ನು ಯಂತ್ರ ಮಾಡುತ್ತದೆಯೋ ಎಂದು ಒಂದು ವರ್ಷ ನೋಡುತ್ತೇವೆ. ಮಾಡಿದರೆ ಮುಂದಿನ ಮಾರ್ಚಿನಿಂದ ಇಲ್ಲಿ ಒಬ್ಬರು ಸಾಕು. ಯಾರು ಎಂದು ಅವರು ಹೇಳಲಿಲ್ಲ. ನಾನು ನಲವತ್ತನಾಲ್ಕು ದಾಟಿದ್ದೆ. ಕತ್ತರಿ, ಗೋಂದು ಮತ್ತು ಊರವರ ಸುದ್ದಿ ಬಿಟ್ಟು ನನಗೆ ಬೇರೇನೂ ಬರುತ್ತಿರಲಿಲ್ಲ.

ಕಾರ್ಡುಗಳನ್ನೆಲ್ಲ ಯಂತ್ರಕ್ಕೆ ತುಂಬಿಸುವ ಕೆಲಸ ಎರಡು ತಿಂಗಳು ನಡೆಯಿತು. ಒಂದು ಮಧ್ಯಾಹ್ನ ಹುಡುಗಿ ಹತ್ತಿಪ್ಪತ್ತು ಕಾರ್ಡು ಹಿಡಿದುಕೊಂಡು ನನ್ನ ಮೇಜಿಗೆ ಬಂದಳು.

"ಆಂಟಿ, ಇನ್ ಪೇ ಬಿಂದಿ ಕ್ಯೂಂ ಹೈ?" ಎಂದಳು. ಇವುಗಳ ಮೇಲೆ ಬಿಂದಿ ಯಾಕೆ ಎಂದು.

"ಅವರೆಲ್ಲ ತೀರಿಹೋದವರು" ಎಂದೆ.

"ಬಸ್, ಇತನಾ ಹೀ?"

"ಅಷ್ಟೇ."

ಅಷ್ಟೇ ಆಗಿರಲಿಲ್ಲ. ಅವಳು ಕೇಳಿದ ರೀತಿಯಲ್ಲೂ ಏನೂ ತಪ್ಪಿರಲಿಲ್ಲ. ಇನ್ನೆರಡು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲವನ್ನೂ ಇವಳಿಗೆ ಹೇಳಿಬಿಟ್ಟರೆ ನನ್ನ ಹತ್ತಿರ ಉಳಿಯುವುದೇನು ಎಂದು ಒಳಗೊಳಗೇ ಅನಿಸಿತು. ಅವಳು ತಲೆಯಾಡಿಸಿ ಹೋದಳು. ಬಿಂದಿ ಇದ್ದ ಅಷ್ಟೂ ಹೆಸರುಗಳ ಮುಂದೆ ಮೃತರು ಎಂಬ ಗುರುತು ಬಿತ್ತು. ಮೃತರಿಗೆ ಯಂತ್ರ ಕಾಗದ ಬರೆಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಬೇಕು ಎಂದೂ ನನಗೆ ಅನಿಸಲಿಲ್ಲ.

ಯಂತ್ರಕ್ಕೆ ತುಂಬಿಸಿ ಮುಗಿದ ಕಾರ್ಡುಗಳನ್ನು ರದ್ದಿಗೆ ಹಾಕಿ ಎಂದರು. ನನಗೆ ಮನಸ್ಸು ಬರಲಿಲ್ಲ. ದಿನಕ್ಕೆ ಎರಡು ಡಬ್ಬಿಯಂತೆ ಲೋಕಲ್ ಗಾಡಿಯ ಲೇಡೀಸ್ ಬೋಗಿಯಲ್ಲಿ ಹೊತ್ತು ಮನೆಗೆ ತಂದು ಮಂಚದ ಕೆಳಗೆ ತಳ್ಳಿದೆ. ದಿನಾ ಜೊತೆಗೆ ಬರುತ್ತಿದ್ದ ಹೆಂಗಸರು ನಾನು ಚಪ್ಪಲಿ ವ್ಯಾಪಾರ ಶುರುಮಾಡಿದ್ದೇನೆ ಎಂದುಕೊಂಡು ಏಳನೇ ನಂಬರ್ ಇದೆಯಾ ಎಂದು ಕೇಳಿದರು.

ಆರೇಳು ತಿಂಗಳು ಕಳೆದವು. ಯಂತ್ರದ ವರದಿಯಲ್ಲಿ ಒಂದು ವಿಚಿತ್ರ ಕಾಣತೊಡಗಿತು. ವರ್ಷಗಟ್ಟಲೆ ತಪ್ಪದೆ ಕೊಡುತ್ತಿದ್ದ ವಿಳಾಸಗಳಿಂದ ಏನೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಪಾಯಸದ ಊಟಗಳು ಕಡಿಮೆಯಾದವು. ಅಡುಗೆಯವಳು, ಮಕ್ಕಳು ಕೈಸನ್ನೆಯಲ್ಲಿ ಪಾಯಸ ಯಾವಾಗ ಎಂದು ಕೇಳುತ್ತಿದ್ದಾರೆ ಎಂದು ಹೇಳಿ ಕಳಿಸಿದಳು. ಆಫೀಸಿನಲ್ಲಿ ಎಲ್ಲರೂ ಸಾಫ್ಟ್‌ವೇರಿನ ಮೇಲೆ ಬಿದ್ದರು. ಹುಡುಗಿ ಊಟಕ್ಕೆ ಒಬ್ಬಳೇ ಕೂರತೊಡಗಿದಳು. ಇದನ್ನು ವಾಪಸು ಮಾಡಿಬಿಡೋಣವೇ ಎಂದು ಮೇಡಂ ಒಂದು ದಿನ ನನ್ನೆದುರೇ ಹೇಳಿದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆ ದಿನ ಬರುವಾಗ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು ಬಂದೆ.

ಆ ವಾರದ ಕೊನೆಗೆ ಉಲ್ಹಾಸನಗರದ ಆ ಹೋಟೆಲ್ ಮಾಲಕರ ಫೋನ್ ಬಂತು. ಬೈಯುವ ದನಿಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರದು ನೊಂದ ದನಿ.

"ನಾವು ಎಂತ ತಪ್ಪು ಮಾಡಿದ್ದೇವೆ ಹೇಳಿ ಅಕ್ಕ. ಅಮ್ಮನ ಹೆಸರಿಗೆ ಈ ವರ್ಷ ಕಾಗದ ಬರ್ಲಿಲ್ಲ. ಬರ್ತದೆ ಬರ್ತದೆ ಅಂತ ಕಾದು ತಿಥಿಯೂ ಹೋಯ್ತು. ಆಫೀಸಿಗೆ ಫೋನ್ ಮಾಡಿದ್ರೆ ಯಾರೋ ಮಕ್ಕಳು ಹೇಳಿದ್ರು, ಅವರು ತೀರಿಹೋಗಿದ್ದಾರಲ್ಲ, ಹಾಗಾಗಿ ಹೆಸರು ತೆಗ್ದಿದ್ದೇವೆ ಅಂತ. ಅವಳು ಹೋಗಿ ಹದಿನಾರು ವರ್ಷ ಆಯ್ತು. ಒಂದು ಸಲ ಹೋದವಳನ್ನು ನೀವು ಇನ್ನೊಂದು ಸಲ ಕಳಿಸಿದ್ರಲ್ಲ."

ತಪ್ಪಾಯಿತು ಎಂದೆ, ಫೋನ್ ಇಟ್ಟೆ. ಆಗಲೇ ಎಲ್ಲ ಹೊಳೆಯಿತು. ಹುಡುಗಿಗೆ ನಾನು ಹೇಳಿದ್ದು ಎರಡೇ ಪದ.

ಮರುದಿನ ಭಾನುವಾರ. ತಿಂಡಿಯಾದ ಮೇಲೆ ಮಂಚದ ಕೆಳಗಿನಿಂದ ಡಬ್ಬಿಗಳನ್ನು ಎಳೆದು, ಹಾಲಿನ ನೆಲದ ಮೇಲೆ ಕೂತು, ಬಿಂದಿಯ ಕಾರ್ಡುಗಳನ್ನು ಬೇರೆ ಮಾಡತೊಡಗಿದೆ. ಅಪ್ಪ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಅಮ್ಮ ಹೋದ ಮೇಲೆ ಅವರು ನಮ್ಮ ಜೊತೆಗೇ ಇದ್ದರು. ಕಾರ್ಡುಗಳ ರಾಶಿ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗುತ್ತ ಹೋಯಿತು. ಐದನೇ ಡಬ್ಬಿಯಲ್ಲಿ ಸಿಕ್ಕಿದ ಒಂದು ಕಾರ್ಡಿನ ಬಿಂದಿ ಉಳಿದವುಗಳ ಹಾಗೆ ಸಣ್ಣದಲ್ಲ, ರೂಪಾಯಿ ಅಗಲದ್ದು. ಅದು ಅಮ್ಮನದು. ಅವಳು ಬಿಟ್ಟುಹೋದ ಪ್ಯಾಕೆಟ್ಟಿನಿಂದಲೇ ಎಂಟು ವರ್ಷಗಳ ಹಿಂದೆ ನಾನೇ ಅಂಟಿಸಿದ್ದು. ಅಪ್ಪ ಪ್ರತಿ ವರ್ಷ ಅಮ್ಮನ ತಿಥಿಗೆ ಕಲ್ಯಾಣದ ಶಾಲೆಗೆ ಹೋಗಿ, ಊಟ ಬಡಿಸಿ, ಅವಳ ಹೆಸರಿನ ರಸೀದಿ ತಂದು ದೇವರ ಗೂಡಿನಲ್ಲಿ ಇಡುತ್ತಿದ್ದರು. ಆಮಂತ್ರಣದ ಹಾಗೆ ಅಂಚೆಯಲ್ಲೇ ಕಾಗದ ಬರಬೇಕು ಎಂಬುದು ಅವರ ಹಟ, ಆದ್ದರಿಂದ ಉಳಿದವರಿಗೆ ಕಳಿಸಿದ ಹಾಗೆಯೇ ನಮ್ಮ ಮನೆಗೂ ಕಳಿಸುತ್ತಿದ್ದೆ.

ಈ ವರ್ಷದ ತಿಥಿ ಎರಡು ತಿಂಗಳ ಹಿಂದೆಯೇ ಆಗಿಹೋಗಿತ್ತು. ನಾನು ಆ ವಾರ ಸಾಫ್ಟ್‌ವೇರಿನ ತರಬೇತಿಗೆ ಹೋಗಿದ್ದೆ, ಹೊತ್ತಿಲ್ಲದ ಹೊತ್ತಿಗೆ ಮನೆಗೆ ಬರುತ್ತಿದ್ದೆ.

"ಅಪ್ಪ, ಈ ಸಲ ಶಾಲೆಗೆ ಹೋಗಿದ್ರಾ?"

ಅಪ್ಪ ಪೇಪರ್ ಇಳಿಸಲಿಲ್ಲ. "ಇಲ್ಲ."

"ಯಾಕೆ?"

"ಕಾಗದ ಬರ್ಲಿಲ್ಲ ಅಲ್ವಾ. ಈಗ ದೊಡ್ಡ ಆಫೀಸು ಆಗಿದೆ, ನಮ್ಮಂಥವರ ಸಣ್ಣದೆಲ್ಲ ಬೇಡ ಅಂತ ಮಾಡಿರ್ಬಹುದು ಅಂತ ತಿಳ್ಕೊಂಡೆ."

"ನನ್ನ ಹತ್ರ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀನು ಕೆಲಸ ಮಾಡುವ ಜಾಗ. ಮೊದ್ಲೇ ಅಲ್ಲಿ ನಿನ್ನದು ಏನೋ ತಕರಾರು ನಡೀತಾ ಉಂಟು. ನಾನು ಕೇಳಿದ್ರೆ ನಿನಗೆ ಮುಜುಗರ."

ದೀಪದ ಕೆಳಗೆ ಕತ್ತಲೆ ಎನ್ನುತ್ತಾರೆ. ಊರವರ ಸುದ್ದಿಯನ್ನೆಲ್ಲ ಕತ್ತರಿಸಿ ಅಂಟಿಸಿದವಳಿಗೆ ತನ್ನ ಹಾಲಿನಲ್ಲಿ ಕೂತವರು ಎರಡು ತಿಂಗಳಿನಿಂದ ನುಂಗಿಕೊಂಡದ್ದು ಕಾಣಲಿಲ್ಲ. ಗಲ್ಲೆಯ ಮೇಲೆ ಕೂತು ಕಲಿತದ್ದು, ಅಪ್ಪ ಮುಖದಲ್ಲಿ ಏನೂ ತೋರಿಸಿರಲಿಲ್ಲ. ನಾನು ಕಾರ್ಡುಗಳ ನಡುವೆ ಕೂತು ಅತ್ತೆ. ಅಪ್ಪ ಗಾಬರಿಯಾಗಿ ಒಳಗೆ ಹೋಗಿ ನಾನು ಕಟ್ಟಿಸಿಕೊಂಡು ಬಂದಿದ್ದರಲ್ಲಿ ಉಳಿದಿದ್ದ ಜಿಲೇಬಿ ತಂದು ಮುಂದಿಟ್ಟರು. ಅದನ್ನು ತಿನ್ನಲು ನನಗೆ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಗಾಡಿಯಲ್ಲಿ ಒಂದು ಲೆಕ್ಕಾಚಾರ ನಡೆಯಿತು, ಅದನ್ನೂ ಬರೆಯಬೇಕು. ನಾನು ಸುಮ್ಮನಿದ್ದರೆ ಸಾಫ್ಟ್‌ವೇರ್ ವಾಪಸು ಹೋಗುತ್ತದೆ. ಹುಡುಗಿ ಹೋಗುತ್ತಾಳೆ. ಡಬ್ಬಿಗಳು ಮಂಚದ ಕೆಳಗಿನಿಂದ ಮೆರವಣಿಗೆಯಲ್ಲಿ ಆಫೀಸಿಗೆ ಬರುತ್ತವೆ. ಬಾಯಿ ಬಿಟ್ಟರೆ ಮಾರ್ಚಿನಲ್ಲಿ ಮನೆಗೆ ಹೋಗುವವಳು ನಾನೇ. ಠಾಣೆಯ ಸೇತುವೆ ಹತ್ತುವವರೆಗೂ ನಾನು ಸುಮ್ಮನಿರುವ ಪಕ್ಷದಲ್ಲಿದ್ದೆ. ಇಳಿಯುವಾಗ ಅಪ್ಪ ಪೇಪರಿನ ಹಿಂದಿನಿಂದ 'ಇಲ್ಲ' ಎಂದದ್ದು ನೆನಪಾಯಿತು. ಐರೋಲಿಯಲ್ಲಿ ಇಳಿದವಳು ನೇರ ಮೇಡಂ ಕೋಣೆಗೆ ಹೋದೆ. ದಾರಿಯಲ್ಲಿ ಹುಡುಗಿಯನ್ನೂ ಕೈಹಿಡಿದು ಎಳೆದುಕೊಂಡು ಹೋದೆ. ಬೈಯಲು ಎಂದುಕೊಂಡಳೋ ಏನೋ, ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು.

ಕಾರ್ಡುಗಳನ್ನು ಮೇಜಿನ ಮೇಲೆ ಸುರಿದು ಎಲ್ಲ ಹೇಳಿದೆ. ಬಿಂದಿಯ ಅರ್ಥ, ಹೋಟೆಲಿನವರ ಪದ್ಧತಿ, ಹುಡುಗಿ ಕೇಳಿದ್ದು, ನಾನು ಬೇಕೆಂದೇ ಅರ್ಧ ಹೇಳಿದ್ದು. ಯಂತ್ರ ತಪ್ಪು ಮಾಡಿಲ್ಲ, ನಾನು ಹೇಳಿದ್ದನ್ನೇ ಮಾಡಿದೆ ಎಂದೆ.

ಮೇಡಂ ಒಂದು ಕಾರ್ಡನ್ನು ಎತ್ತಿ ಬಿಂದಿಯನ್ನು ಉಗುರಿನಿಂದ ಮುಟ್ಟಿ ನೋಡಿದರು. "ತುಝಾ ರಾಗ ಆಪಲ್ಯಾಲಾ ಫಾರ ಮಹಾಗ ಪಡಲಾ" ಎಂದರು. ನಿನ್ನ ಸಿಟ್ಟು ನಮಗೆ ಬಹಳ ದುಬಾರಿಯಾಯಿತು ಎಂದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆಮೇಲೆ ಅವರು ಹೇಳಿದರು: ಮಾರ್ಚಿಗೆ ಇನ್ನೂ ಮೂರು ತಿಂಗಳಿದೆ. ನಿನ್ನ ತಲೆಯಲ್ಲಿ ಏನೇನು ಮುಚ್ಚಿಟ್ಟಿದ್ದೀಯೋ ಅಷ್ಟನ್ನೂ ಇವಳಿಗೆ ಹೇಳಿ ಮುಗಿಸು, ಆಮೇಲೆ ನೋಡೋಣ.

ಹೊರಗೆ ಬಂದ ಮೇಲೆ ಹುಡುಗಿಯ ಹತ್ತಿರ ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕಾರ್ಡುಗಳನ್ನು ಜೋಡಿಸುತ್ತ, "ಛೋಡೋ ನಾ ಆಂಟಿ. ಪೆಹಲೇ ಚಾಯ್" ಎಂದಳು. ಅದೆಲ್ಲ ಬಿಡಿ, ಮೊದಲು ಚಾ ಎಂದು.

ಆ ಮೂರು ತಿಂಗಳು ನನ್ನ ಕೆಲಸದ ಬದುಕಿನಲ್ಲೇ ಒಳ್ಳೆಯ ದಿನಗಳು. ಮೊದಲು ಬಿಂದಿಯ ಕಾರ್ಡುಗಳ ಮನೆಗಳಿಗೆಲ್ಲ ಫೋನ್ ಮಾಡಿ ಒಬ್ಬೊಬ್ಬರಲ್ಲೂ ತಪ್ಪಾಯಿತು ಎಂದೆ. ಆಮೇಲೆ ಹುಡುಗಿ ಯಂತ್ರದಲ್ಲಿ ಒಂದು ಹೊಸ ಅಂಕಣ ಮಾಡಿದಳು. ಮೃತರು ಎಂಬುದರ ಪಕ್ಕದಲ್ಲಿ, ಅವರನ್ನು ನೆನೆಯುವವರು ಯಾರು ಎಂದು. ತಿಥಿಗೊಂದು ಅಂಕಣ. ಯಂತ್ರಕ್ಕೆ ಬೇಕಾದದ್ದು ತಾರೀಕು, ನಮ್ಮವರ ತಿಥಿ ಒಂದೊಂದು ವರ್ಷ ಒಂದೊಂದು ತಾರೀಕಿಗೆ ಬೀಳುತ್ತದೆ. ನಾನು ಮನೆಯಿಂದ ಪಂಚಾಂಗ ತಂದೆ. ಬಹುಳ ಎಂದರೇನು, ಶುದ್ಧ ಎಂದರೇನು ಎಂದು ಹೇಳಿಕೊಟ್ಟೆ. ಹುಡುಗಿ ಎರಡೇ ದಿನದಲ್ಲಿ ಯಂತ್ರಕ್ಕೆ ಅದನ್ನು ಕಲಿಸಿದಳು. ಮುಂದಿನ ಹತ್ತು ವರ್ಷದ ತಿಥಿಗಳನ್ನು ಅದು ಒಂದು ಗುಟುಕು ಚಾ ಕುಡಿಯುವಷ್ಟರಲ್ಲಿ ತೆಗೆದು ತೋರಿಸಿತು. ನಮ್ಮ ಪುರೋಹಿತರಿಗೂ ಅಷ್ಟು ಬೇಗ ಬರುವುದಿಲ್ಲ ಎಂದು ನಾನು ಒಪ್ಪಿಕೊಳ್ಳಬೇಕಾಯಿತು.

ಇನ್ನೊಂದು ವಿಷಯದಲ್ಲಿ ನನ್ನ ಜಂಬ ಚೆನ್ನಾಗಿಯೇ ಇಳಿಯಿತು. ಯಂತ್ರ ಒಂದು ದಿನ ಅಂಬರನಾಥದ ಒಂದು ಹೆಸರನ್ನು ಮೇಲೆ ತಂದಿತು. ನನ್ನ ಯಾವ ಡಬ್ಬಿಯಲ್ಲೂ ಇಲ್ಲದ, ಹಳೆಯ ರಸೀದಿ ಲೆಕ್ಕದಲ್ಲಿ ಮಾತ್ರ ಇದ್ದ ಹೆಸರು. ವರ್ಷವರ್ಷವೂ ಶಾಲೆ ಶುರುವಾಗುವ ಜೂನಿನಲ್ಲಿ ತಪ್ಪದೆ ಏನೋ ಸಣ್ಣದು ಕಳಿಸುತ್ತಿದ್ದ ಮನುಷ್ಯ. ಹೋಗಿ ನೋಡಿದೆ. ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮುಂದೆ ಇಡೀ ಆಯುಷ್ಯ ಕಳೆದು ನಿವೃತ್ತರಾದವರು. ಆ ಸದ್ದಿಗೆ ಅವರ ಕಿವಿ ಹೋಗಿತ್ತು. ನಾನು ಬಂದ ಕಾರಣವನ್ನು ಅವರ ಹೆಂಡತಿ ಸ್ಲೇಟಿನ ಮೇಲೆ ಬರೆದು ತೋರಿಸಿದಾಗ ಅವರಿಗೆ ಎಷ್ಟು ಸಂತೋಷವಾಯಿತೆಂದರೆ ನನ್ನನ್ನು ಊಟ ಮಾಡಿಸದೆ ಬಿಡಲಿಲ್ಲ. ಅವರ ಹೆಸರು ಯಾವ ಪೇಪರಿನಲ್ಲೂ ಬಂದಿರಲಿಲ್ಲ, ಯಾವ ಕಲ್ಲಿನ ಮೇಲೂ ಕೆತ್ತಿರಲಿಲ್ಲ. ನನ್ನ ಕತ್ತರಿಗೆ ಸಿಗುತ್ತಿದ್ದವರು ಸುದ್ದಿಯಾದವರು ಮಾತ್ರ ಎಂದು ಹೊಳೆದದ್ದು ಅವರ ಮನೆಯ ಚಪಾತಿ ತಿನ್ನುವಾಗ.

ಮಾರ್ಚಿನಲ್ಲಿ ಮೇಡಂ ನನ್ನನ್ನು ಉಳಿಸಿಕೊಂಡರು. ಜೊತೆಗಿದ್ದ ಇಬ್ಬರಲ್ಲಿ ಒಬ್ಬರು ನಿವೃತ್ತರಾಗುವವರೇ ಇದ್ದರು, ಇನ್ನೊಬ್ಬರು ಕಲ್ಯಾಣದ ಶಾಲೆಯ ಆಫೀಸಿಗೆ ಹೋದರು. ನನ್ನ ಹುದ್ದೆಗೆ ಒಂದು ಉದ್ದ ಹೆಸರು ಬಂತು, ನನಗೇ ನೆನಪಿರುವುದಿಲ್ಲ. ಈಗ ಪೇಪರ್ ಕತ್ತರಿಸುವುದಿಲ್ಲ. ಯಂತ್ರ ಹೆಸರು ಕೊಡುತ್ತದೆ, ನಾನು ಮನೆಗಳಿಗೆ ಹೋಗಿ ಕೂತು ಮಾತಾಡಿ ಬರುತ್ತೇನೆ. ಬಂದು ಹುಡುಗಿಗೆ ಎಲ್ಲ ಹೇಳುತ್ತೇನೆ, ಅರ್ಧ ಅಲ್ಲ.

ಆ ವರ್ಷ ಅಮ್ಮನ ತಿಥಿಗೆ ಒಂದು ತಿಂಗಳಿರುವಾಗ, ನಾನು ಆಫೀಸಿನಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಅಪ್ಪ ಹಾಲಿನಿಂದ ಕರೆದರು. ಅವರ ಕೈಯಲ್ಲಿ ಒಂದು ಲಕೋಟೆ. ಕನ್ನಡಕ ಹಾಕಿಕೊಂಡು ವಿಳಾಸವನ್ನು ಗಟ್ಟಿಯಾಗಿ ಓದಿದರು, ಅಮ್ಮನ ಪೂರ್ತಿ ಹೆಸರು, ಕಟ್ಟಡ, ರಸ್ತೆ, ಡೊಂಬಿವಲಿ ಪೂರ್ವ.

"ನೀನು ಬರೆದದ್ದಾ?"

"ಅಲ್ಲ ಅಪ್ಪ. ಮಶೀನು ಬರ್ದದ್ದು. ನಂಗೆ ಗೊತ್ತೂ ಇರ್ಲಿಲ್ಲ, ಇವತ್ತು ಬರ್ತದೆ ಅಂತ."

"ಮಶೀನಿಗೆ ಹೇಳಿದ್ದು ಯಾರು?"

"ನಾನು."

"ಹಾಗಾದ್ರೆ ನೀನೇ ಬರೆದದ್ದು" ಎಂದರು ಅಪ್ಪ. ಒಡೆಯಲು ಕತ್ತರಿ ತರಲೇ ಎಂದು ಕೇಳಿದೆ. ಬೇಡ, ಅವಳ ಹೆಸರಿಗೆ ಬಂದದ್ದು, ಮೊದಲು ಅವಳ ಹತ್ತಿರ ಇರಲಿ ಎಂದು ಎದ್ದು ಹೋಗಿ ಅಮ್ಮನ ಫೋಟೋದ ಮುಂದೆ ಇಟ್ಟರು. ತಿಥಿಯ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕಲ್ಯಾಣದ ಗಾಡಿಗೆ ಹೊರಟು ನಿಂತಿದ್ದರು.